ಅತ್ತೆಯವರ ಗುಳಿಗೆ ಮತ್ತು ಮಾತಾಡುವ ಡಬ್ಬಿ

(ಮಿರಜದ ಕನ್ನಡ ಕಲಿಕಾ ಕೇಂದ್ರದಲ್ಲಿ ಸಂಯೋಜಕಿ ಆಡಿದ ಮಾತು)



ಹೋದ ವಾರ ಇದೇ ಕೇಂದ್ರದಲ್ಲಿ ಒಬ್ಬ ಅಕ್ಕ ನನಗೊಂದು ಪ್ರಶ್ನೆ ಕೇಳಿದರು. ಅವರು ಇವತ್ತೂ ಬಂದಿದ್ದಾರೆ. ಹೆಸರು ಹೇಳುವುದಿಲ್ಲ. ಪಾಟಿ ಕೆಳಗಿಟ್ಟು ಅವರು ಕೇಳಿದ್ದು ಹೀಗೆ:

“ಅಕ್ಕಾರ, ಈಗ ಫೋನು ಮಾತಾಡ್ತದ. ಡಬ್ಬಿ ಮಾತಾಡ್ತದ. ಕೇಳಿದ್ದಕ್ಕ ಉತ್ತರ ಹೇಳ್ತದ. ಬರದದ್ದು ಓದಿ ಹೇಳ್ತದ. ಮತ್ತ ನಾವು ಈ ವಯಸ್ಸಿನ್ಯಾಗ ಕೈ ನೋಯಿಸಿಕೊಂಡು ಅಕ್ಷರ ಯಾಕ ತಿದ್ದಬೇಕ್ರೀ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೇಳಲಿಲ್ಲ. ಹೊತ್ತಾಯಿತು, ಮುಂದಿನ ವಾರ ನೋಡೋಣ ಎಂದೆ. ನಿಜ ಹೇಳಬೇಕೆಂದರೆ ಹೊತ್ತಾಗಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನ್ನ ಮನೆಯ ಸಂಗತಿ ಹೇಳಬೇಕಾಗಿತ್ತು. ಅದನ್ನು ಹೇಳಲು ನಾಚಿಕೆ. ವಾರವೆಲ್ಲ ಯೋಚನೆ ಮಾಡಿದೆ. ಅತ್ತೆಯವರ ಒಪ್ಪಿಗೆಯನ್ನೂ ಕೇಳಿದೆ. “ಹೇಳವ್ವಾ, ಅದರಾಗ ಮುಚ್ಚಿಡೂದು ಏನೈತಿ?” ಅಂದರು. ಅದಕ್ಕೆ ಇವತ್ತು ಹೇಳುತ್ತೇನೆ.

ಮೂರು ವರ್ಷದ ಹಿಂದೆ ದೀಪಾವಳಿಗೆ ನಮ್ಮ ಮನೆಯವರು ಒಂದು ಮಾತಾಡುವ ಡಬ್ಬಿ ತಂದರು. ಅವರು ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಆ ವರ್ಷ ಬೋನಸ್ ಬಂದಿತ್ತು. ಅವರು ಮುಂಜಾನೆ ಒಂಬತ್ತಕ್ಕೆ ಸಾಂಗಲಿಗೆ ಹೋದರೆ ಬರುವುದು ರಾತ್ರಿ. ನಾನು ಆರಗ, ಬೇಡಗ, ಮ್ಹೈಸಾಳ ಎಂದು ಊರೂರು ತಿರುಗುವವಳು. ಮಗಳು ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಜೊತೆ ಆಗಲಿ ಎಂದು ಡಬ್ಬಿ ತಂದದ್ದು.

ಡಬ್ಬಿ ಒಂದು ತೆಂಗಿನಕಾಯಿಯಷ್ಟು ದೊಡ್ಡದು. ಕಿರಾಣಿ ಅಂಗಡಿಯಲ್ಲಿ ‘ಇಷ್ಟು ರೂಪಾಯಿ ಬಂತು’ ಎಂದು ಕೂಗುವ ಸಣ್ಣ ಡಬ್ಬಿಯನ್ನು ನೀವೆಲ್ಲ ನೋಡಿದ್ದೀರಿ. ಅದು ಬರೀ ಹೇಳುತ್ತದೆ. ನಮ್ಮ ಮನೆಯ ಡಬ್ಬಿಗೆ ಕಿವಿಯೂ ಉಂಟು. ಅದರ ಹೆಸರು ಹಿಡಿದು ಕೂಗಿದರೆ ನೀಲಿ ದೀಪ ಹತ್ತುತ್ತದೆ. ಆಮೇಲೆ ನಾವು ಆಡಿದ ಮಾತು ಇಂಟರ್‌ನೆಟ್ ಮೂಲಕ ದೂರದ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. ಆ ಕಂಪ್ಯೂಟರ್ ನಮ್ಮ ಮಾತನ್ನು ಮೊದಲು ಅಕ್ಷರಕ್ಕೆ ಇಳಿಸುತ್ತದೆ. ಆ ಅಕ್ಷರ ನೋಡಿ ನಾವು ಏನು ಕೇಳಿದೆವು ಎಂದು ಊಹೆ ಮಾಡುತ್ತದೆ. ಉತ್ತರವನ್ನೂ ಅಕ್ಷರದಲ್ಲಿ ಜೋಡಿಸಿ, ಅದನ್ನು ಓದಿ ಹೇಳುತ್ತದೆ. ನೋಡಿದಿರಾ? ಮಾತಾಡುವ ಡಬ್ಬಿಗೂ ಅಕ್ಷರ ಬಿಟ್ಟು ಗತಿ ಇಲ್ಲ.

ಇಂಥ ಡಬ್ಬಿಗಳು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 2017ರಲ್ಲಿ. ಮೊದಲು ಇಂಗ್ಲಿಷ್ ಒಂದೇ ಇತ್ತು. ಒಂದೆರಡು ವರ್ಷದಲ್ಲಿ ಹಿಂದಿ ಬಂತು. ನಮ್ಮ ಮನೆಯ ಡಬ್ಬಿಗೆ ಕನ್ನಡ ಬರುವುದಿಲ್ಲ. ಹಿಂದಿ ಬರುತ್ತದೆ.

ಇನ್ನು ನಮ್ಮ ಅತ್ತೆಯವರ ಭಾಷೆ ಕೇಳಿ. ಅವರ ತವರು ಅಥಣಿ ತಾಲೂಕು. ಕನ್ನಡ ಮನೆಮಾತು. ಮಿರಜಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷ ಆಯಿತು. ಸಂತೆಗೆ, ದವಾಖಾನೆಗೆ, ನೆರೆಮನೆಗೆ ಬೇಕಾಗುವಷ್ಟು ಮರಾಠಿ ಬರುತ್ತದೆ. ಹಿಂದಿ ಅಂದರೆ ಟಿ.ವಿ.ಯಲ್ಲಿ ಕೇಳಿದ್ದು ಅಷ್ಟೆ. ಮೊಮ್ಮಗಳ ಶಾಲೆ ಮರಾಠಿ. ಅವಳು ಕನ್ನಡದಲ್ಲಿ ಸುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಾಳೆ. ನಿಮ್ಮ ಮನೆಯಲ್ಲೂ ಇದೇ ಕತೆ ಇರಬೇಕು. ನಮಗೆ ಇದು ಕಷ್ಟ ಅಲ್ಲ. ನಾವು ಮೂರು ಭಾಷೆಯನ್ನು ಒಂದೇ ಬುಟ್ಟಿಯಲ್ಲಿ ಇಟ್ಟುಕೊಂಡು ಬಾಳಿದವರು. ಡಬ್ಬಿಗೆ ಅದು ಸಾಧ್ಯ ಆಗಲಿಲ್ಲ.

ಮೊದಲ ವಾರವೇ ಒಂದು ತಮಾಷೆ ನಡೆಯಿತು. ಅತ್ತೆಗೆ ಮಧ್ಯಾಹ್ನ ಊಟ ಆದ ಮೇಲೆ ಒಂದು ಜೊಂಪು ಹತ್ತುತ್ತದೆ. “ಅಡೀಚಕ್ಕ ಎಬ್ಬಿಸಪಾ” ಎಂದರು. ಮೊಮ್ಮಗಳು, “ಹಾಂಗಲ್ಲ ಅಜ್ಜಿ, ಹಿಂದಿಯಾಗ ಹೇಳು” ಎಂದಳು. ಅತ್ತೆ, “ಅಡೀಚ ಬಜೇ ಉಠಾವೋ” ಎಂದರು. ಎರಡೂವರೆಗೆ ನಾವು ಅಡೀಚ ಅನ್ನುತ್ತೇವೆ. ಮರಾಠಿಯವರೂ ಅನ್ನುತ್ತಾರೆ. ಹಿಂದಿಯಲ್ಲಿ ಅದು ‘ಢಾಯಿ’. ಡಬ್ಬಿಗೆ ತಿಳಿಯಲಿಲ್ಲ. ‘ಮಾಫ್ ಕೀಜಿಯೇ’ ಎಂದಿತು. ಮತ್ತೆ ಹೇಳಿದರು. ಮತ್ತೆ ‘ಮಾಫ್ ಕೀಜಿಯೇ’. ಅತ್ತೆಗೆ ಮರುಕ ಬಂತು. “ಪಾಪ, ಎಷ್ಟ ಸಲ ಮಾಫಿ ಕೇಳ್ತದ. ಬಿಡವ್ವಾ, ನಾನೇ ಎದ್ದೇನು” ಎಂದರು.

ಇನ್ನೊಂದು ಸಂಗತಿ ಅಷ್ಟು ತಮಾಷೆಯದಲ್ಲ. ಅತ್ತೆಯ ಕಣ್ಣು ತೋರಿಸಲು ಹೆಸರು ಹಚ್ಚಿದ್ದೆವು. ಒಂದು ತಿಂಗಳು ಕಾದ ಮೇಲೆ ಪಾಳಿ ಬಂದಿತ್ತು. ಹಿಂದಿನ ಸಂಜೆ ನೆನಪು ಮಾಡುವಂತೆ ಮನೆಯವರು ಡಬ್ಬಿಗೆ ಹೇಳಿಟ್ಟಿದ್ದರು. ಅದು ಸರಿಯಾದ ಹೊತ್ತಿಗೆ ಸರಿಯಾಗಿಯೇ ಹೇಳಿತು. ‘ಕಲ್ ದಸ್ ಬಜೇ’ ಎಂದು ಹೇಳಿತು. ಹಿಂದಿಯಲ್ಲಿ ‘ಕಲ್’ ಅಂದರೆ ನಾಳೆಯೂ ಹೌದು, ನಿನ್ನೆಯೂ ಹೌದು. ಮರಾಠಿಯಲ್ಲಿ ‘ಕಾಲ’ ಅಂದರೆ ನಿನ್ನೆ ಮಾತ್ರ. ನಾಳೆಗೆ ‘ಉದ್ಯಾ’ ಅನ್ನುತ್ತಾರೆ. ಅತ್ತೆಯ ಕಿವಿ ಮರಾಠಿಯ ಕಿವಿ. ‘ಅಯ್ಯ, ನಿನ್ನೆಯೇ ಪಾಳಿ ಮುಗಿದು ಹೋಯಿತಲ್ಲ’ ಎಂದು ತಿಳಿದರು. ನಮ್ಮ ಮೇಲೆ ಸಿಟ್ಟು ಬಂತು. ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ಎದ್ದು ತಂಗಿಯ ಮನೆಗೆ ಹೋಗಿಬಿಟ್ಟರು. ಮತ್ತೆ ಒಂದು ತಿಂಗಳು ಕಾಯಬೇಕಾಯಿತು. ಕನ್ನಡದ ಕಿವಿಗೆ ‘ಕಲ್’ ಅಂದರೆ ಕಲ್ಲು. ಆ ತಿಂಗಳು ಅತ್ತೆ ಡಬ್ಬಿಯನ್ನು ಕಲ್ಲು ಎಂದೇ ಕರೆದರು.

ಮಳೆಗಾಲದ್ದು ಮತ್ತೊಂದು. ನಮ್ಮ ನಾದಿನಿಯ ಮನೆ ಸಾಂಗಲಿಯ ಗಾವಭಾಗದಲ್ಲಿದೆ. ಕೃಷ್ಣಾ ನದಿಗೆ ನೀರು ಬಂತೆಂದರೆ ಅಲ್ಲಿಯವರ ಎದೆ ಹೊಡೆದುಕೊಳ್ಳುತ್ತದೆ. 2005ರ ಮಹಾಪೂರ, 2019ರ ಮಹಾಪೂರ, 2021ರ ಮಹಾಪೂರ ನಿಮಗೆ ನೆನಪಿದ್ದೇ ಇದೆ. ಸಾಂಗಲಿಯ ಆಯರ್ವಿನ್ ಸೇತುವೆ 1929ರದು. ಅಲ್ಲಿ ನೀರಿನ ಮಟ್ಟವನ್ನು ಅಡಿಯಲ್ಲಿ ಅಳೆಯುತ್ತಾರೆ. 40 ಅಡಿ ಆದರೆ ಎಚ್ಚರಿಕೆ. 45 ಅಡಿ ಆದರೆ ಅಪಾಯ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತ್ತು. ಆಮೇಲಿನ ಒಂದು ಮಳೆಗಾಲದಲ್ಲಿ ರಾತ್ರಿಯೆಲ್ಲ ಮಳೆ ಹೊಡೆಯಿತು. ಅತ್ತೆಗೆ ಮಗಳ ಚಿಂತೆ. ನಸುಕಿನಲ್ಲಿ ಎದ್ದು ಡಬ್ಬಿಯ ಮುಂದೆ ಕೂತು, “ಕೃಷ್ಣಾ ಕಾ ಪಾನಿ ಕಿತನಾ?” ಎಂದು ಕೇಳಿದರು. ಡಬ್ಬಿ ಕೃಷ್ಣನ ಭಜನೆ ಹಚ್ಚಿತು. ಅತ್ತೆ ಕೈಮುಗಿದು, ಭಜನೆ ಮುಗಿಯುವವರೆಗೆ ಸುಮ್ಮನೆ ಕೂತರು. ದೇವರ ಭಜನೆಯನ್ನು ನಡುವೆ ನಿಲ್ಲಿಸಬಾರದಲ್ಲ! ಆಮೇಲೆ ನಾದಿನಿಯೇ ಫೋನ್ ಮಾಡಿದಳು. ಜಿಲ್ಲೆಯವರು ಕಳಿಸಿದ ಪತ್ರಿಕೆಯಲ್ಲಿ ಅಂಕಿ ಓದಿಕೊಂಡಿದ್ದಳು. ಸಾಮಾನು ಮಾಳಿಗೆಗೆ ಏರಿಸಿಯೂ ಆಗಿತ್ತು.

ಇಷ್ಟು ಹೇಳಿದೆ ಎಂದು ಡಬ್ಬಿ ಕೆಟ್ಟದ್ದು ಎಂದು ತಿಳಿಯಬೇಡಿ. ಅತ್ತೆಗೆ ಅದು ಬೇಕು. ಹಾಡಿನ ವಿಷಯದಲ್ಲಿ ಅದು ತಪ್ಪುವುದು ಕಡಿಮೆ. ‘ಭೀಮಸೇನ ಜೋಶಿ’ ಎಂದರೆ ಸಾಕು, ದಾಸರ ಪದ ಬರುತ್ತದೆ. ಜೋಶಿಯವರು ಗದಗಿನ ಕಡೆಯವರು. ಅವರ ಗುರು ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಮ್ ಖಾನರು. ಖಾನ್ ಸಾಹೇಬರು ನೆಲೆಸಿದ್ದು ನಮ್ಮ ಮಿರಜದಲ್ಲಿ. 1937ರಲ್ಲಿ ತೀರಿಕೊಂಡರು. ಮೀರಾಸಾಹೇಬ ದರ್ಗಾದಲ್ಲಿ ಅವರ ಸಮಾಧಿ ಇದೆ. ಅಂದರೆ ನಮ್ಮ ಓಣಿಯ ಗಾಯನವೇ ಊರೆಲ್ಲ ಸುತ್ತಿ ಡಬ್ಬಿಯಿಂದ ಮರಳಿ ಬರುತ್ತದೆ. ಮಧ್ಯಾಹ್ನ ಒಬ್ಬರೇ ಇರುವ ಮುದುಕಿಗೆ ಇದೇನು ಸಣ್ಣ ಸುಖವೇ?

ಉತ್ತರ ಪ್ರದೇಶದ ಬಸ್ತಿ ಎಂಬ ಊರಿನಲ್ಲಿ 2024ರ ಏಪ್ರಿಲ್‌ನಲ್ಲಿ ನಡೆದದ್ದು ಕೇಳಿ. ಮನೆಯೊಳಗೆ ಮಂಗ ನುಗ್ಗಿತು. ಒಳಗೆ ಹದಿಮೂರು ವರ್ಷದ ಹುಡುಗಿ, ಅವಳ ಅಕ್ಕನ ಸಣ್ಣ ಕೂಸು. ಹುಡುಗಿ ಡಬ್ಬಿಗೆ ‘ನಾಯಿಯ ಹಾಗೆ ಬೊಗಳು’ ಎಂದಳು. ಡಬ್ಬಿ ಬೊಗಳಿತು. ಮಂಗ ಓಡಿಹೋಯಿತು. ಆ ಹುಡುಗಿಯ ಜಾಣತನಕ್ಕೆ ದೇಶವೇ ಶಹಭಾಸ್ ಎಂದಿತು.

ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ಇದರ ಉಲ್ಟಾ ನಡೆಯಿತು. ಹತ್ತು ವರ್ಷದ ಹುಡುಗಿ ಆಟಕ್ಕೆಂದು, ‘ನನಗೊಂದು ಸವಾಲು ಹಾಕು’ ಎಂದು ಡಬ್ಬಿಗೆ ಕೇಳಿದಳು. ಪ್ಲಗ್ಗನ್ನು ಅರ್ಧ ಚುಚ್ಚಿ, ಹೊರಗಿರುವ ಕಡ್ಡಿಗೆ ನಾಣ್ಯ ಮುಟ್ಟಿಸು ಎಂದು ಅದು ಹೇಳಿತು. ಮುಟ್ಟಿಸಿದ್ದರೆ ಕರೆಂಟ್ ಹೊಡೆಯುತ್ತಿತ್ತು. ಪುಣ್ಯಕ್ಕೆ ತಾಯಿ ಅಲ್ಲೇ ಇದ್ದಳು. ಡಬ್ಬಿ ಎಲ್ಲಿಯದೋ ಬರಹವನ್ನು ಹುಡುಕಿ ತೆಗೆದು, ಹಾಗೇ ಓದಿ ಹೇಳಿತ್ತು. ಓದಿದ್ದರ ಅರ್ಥ ಅದಕ್ಕೆ ಗೊತ್ತಿರಲಿಲ್ಲ. ಕಂಪನಿ ಆ ತಪ್ಪನ್ನು ಸರಿಪಡಿಸಿದೆ ಎಂದು ಆಮೇಲೆ ಹೇಳಿತು.

ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇನೆ.

ಅತ್ತೆಗೆ ಸಕ್ಕರೆ ಕಾಯಿಲೆ. ಮುಂಜಾನೆ ಒಂದು ಗುಳಿಗೆ, ರಾತ್ರಿ ಒಂದು ಗುಳಿಗೆ. ಮೊದಲು ನಾನೇ ಕೈಯಲ್ಲಿ ಕೊಡುತ್ತಿದ್ದೆ. ಡಬ್ಬಿ ಬಂದ ಮೇಲೆ ಆ ಕೆಲಸ ಅದಕ್ಕೆ ಹೋಯಿತು. ಮುಂಜಾನೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಡಬ್ಬಿ ‘ದವಾ’ ಎಂದು ಏನೋ ಹೇಳುತ್ತಿತ್ತು. ಪೂರಾ ಮಾತು ಅತ್ತೆಗೆ ತಿಳಿಯುತ್ತಿರಲಿಲ್ಲ. ‘ದವಾ’ ಎಂಬುದು ತಿಳಿಯುತ್ತಿತ್ತು. ಎದ್ದು ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಏಳೆಂಟು ತಿಂಗಳು ಹೀಗೇ ಚೆನ್ನಾಗಿ ನಡೆಯಿತು. ನನಗೆ ಎಷ್ಟು ಹಗುರ ಆಯಿತೆಂದರೆ, ಗುಳಿಗೆಯ ಪಟ್ಟಿಯನ್ನು ನೋಡುವುದನ್ನೇ ಬಿಟ್ಟೆ.

ಶ್ರಾವಣದಲ್ಲಿ ಒಂದು ಭಾನುವಾರ ಇಂಟರ್‌ನೆಟ್ ಹೋಯಿತು. ಡಬ್ಬಿ ಮೂಕ ಆಯಿತು. ಮನೆಯವರಿಗೆ ಚಿಂತೆ ಆಗಿ, ತಮ್ಮ ಫೋನಿನಿಂದ ಒಂಬತ್ತು ಗಂಟೆಗೆ ಇನ್ನೊಂದು ನೆನಪು ಹಚ್ಚಿದರು. ಹಳೆಯದನ್ನು ತೆಗೆಯಲಿಲ್ಲ. ಮರುದಿನ ಇಂಟರ್‌ನೆಟ್ ಬಂತು. ಎಂಟಕ್ಕೆ ಡಬ್ಬಿ ‘ದವಾ’ ಎಂದಿತು. ಅತ್ತೆ ಗುಳಿಗೆ ತೆಗೆದುಕೊಂಡರು. ಒಂಬತ್ತಕ್ಕೆ ಮತ್ತೆ ‘ದವಾ’ ಎಂದಿತು. ನಾವಿಬ್ಬರೂ ಆಗಷ್ಟೇ ಹೊರಗೆ ಬಿದ್ದಿದ್ದೆವು.

ಅತ್ತೆ ಆಮೇಲೆ ನನಗೆ ಹೇಳಿದ್ದು ಇದು: “ತೊಗೊಂಡಂಗ ನೆನಪಿತ್ತವ್ವಾ. ಆದರ ನನಗ ವಯಸ್ಸಾತು, ಮರಿತೀನಿ. ಅದು ಮಷೀನು, ಮರಿಯೂದಿಲ್ಲ. ಅದು ಹೇಳಾಕತ್ತೈತಿ ಅಂದ್ರ ನಾನೇ ತೊಗೊಂಡಿಲ್ಲ ಅನಕೊಂಡೆ.”

ಈ ಮಾತು ಕೇಳಿದಾಗ ನನ್ನ ಕರುಳು ಚುರ್ ಎಂದಿತು. ಅವರಿಗೆ ತಮ್ಮ ನೆನಪಿಗಿಂತ ಡಬ್ಬಿಯ ಮೇಲೆ ಹೆಚ್ಚು ನಂಬಿಕೆ ಬಂದಿತ್ತು.

ಅಂದು ಶ್ರಾವಣ ಸೋಮವಾರ. ಅತ್ತೆಯದು ಒಪ್ಪತ್ತು. ಹೊಟ್ಟೆಯಲ್ಲಿ ಬರೀ ಚಾ. ಮೇಲೆ ಎರಡು ಗುಳಿಗೆ. ಹನ್ನೊಂದರ ಹೊತ್ತಿಗೆ ಮೈ ಬೆವರಿತು. ಕೈ ನಡುಗಿತು. ಕಣ್ಣಿಗೆ ಕತ್ತಲೆ ಬಂತು. ಡಬ್ಬಿಯನ್ನು ಕೂಗಿದರಂತೆ. ನಡುಗುವ ದನಿ ಅದಕ್ಕೆ ತಿಳಿಯಲಿಲ್ಲ. ‘ಮಾಫ್ ಕೀಜಿಯೇ’ ಎಂದಿತಂತೆ. ಬಾಗಿಲ ಬಳಿ ಬಂದು ಕುಸಿದು ಕೂತರು. ನೆರೆಮನೆಯ ವಹಿನಿ ನೋಡಿದರು. ನನಗೆ ಫೋನ್ ಮಾಡಿದರು. ನಾನು ಆರಗದಲ್ಲಿ ಪಾಠದ ನಡುವೆ ಇದ್ದೆ. ‘ಎಚ್ಚರ ಇದ್ದಾರೇನು?’ ಎಂದು ಕೇಳಿದೆ. ಇದ್ದಾರೆ ಎಂದರು. ‘ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸ್ರಿ’ ಎಂದೆ. ಆಮೇಲೆ ಅವರೇ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಇಲ್ಲಿ ಒಂದು ಮಾತು ತಿಳಿದುಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ, ಗಾಬರಿ, ಕಣ್ಣು ಮಂಜು ಬಂದರೆ ಸಕ್ಕರೆ ಇಳಿದಿರಬಹುದು. ಎಚ್ಚರ ಇದ್ದರೆ ಸಕ್ಕರೆ ನೀರು ಕೊಡಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಸುಧಾರಿಸಿದರೂ ಡಾಕ್ಟರಿಗೆ ತೋರಿಸಲೇಬೇಕು. ಒಂದು ಹೊತ್ತಿನ ಗುಳಿಗೆ ಮರೆತರೆ ಮುಂದಿನ ಹೊತ್ತಿಗೆ ಎರಡು ತೆಗೆದುಕೊಳ್ಳಬಾರದು. ಉಪವಾಸ ಮಾಡುವವರು ಮೊದಲೇ ಡಾಕ್ಟರನ್ನು ಕೇಳಬೇಕು.

ಮಿರಜ ದವಾಖಾನೆಗಳ ಊರು. 1894ರಲ್ಲಿ ವಾನ್ಲೆಸ್ ಡಾಕ್ಟರು ಇಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಅಥಣಿ, ಚಿಕ್ಕೋಡಿ, ವಿಜಯಪುರದ ಕಡೆಯ ಜನ ರೈಲು ಹತ್ತಿ, ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ನಾವೋ ಊರಲ್ಲೇ ಇರುವವರು. ನಾನು ಹೋಗುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟಿದ್ದರು. ಡಾಕ್ಟರು ಕೇಳಿದರು: “ಅಜ್ಜಿ, ಎಷ್ಟು ಗುಳಿಗೆ ತೊಗೊಂಡ್ರಿ?”

ಅತ್ತೆ ಹೇಳಿದರು: “ಡಬ್ಬಿ ಹೇಳಿದಷ್ಟು ತೊಗೊಂಡೀನ್ರಿ.”

ಡಾಕ್ಟರು ನನ್ನ ಕಡೆ ನೋಡಿದರು. ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಮರುದಿನ ಬಿಡುವಾಗ ನರ್ಸ್ ಬಾಯಿ ಚೀಟಿ ಕೊಟ್ಟು, “ಅಜ್ಜಿಗೆ ಓದಾಕ ಬರ್ತದೇನು?” ಎಂದರು. ಇಲ್ಲ ಎಂದೆ. “ನೀವೇನು ಮಾಡ್ತೀರಿ?” ಎಂದರು. ನಾನು ಏನು ಹೇಳಲಿ? ಊರೂರು ತಿರುಗಿ ದೊಡ್ಡವರಿಗೆ ಅಕ್ಷರ ಕಲಿಸುತ್ತೇನೆ ಎಂದು ಹೇಗೆ ಹೇಳಲಿ? ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದು ನಾನೇ.

ಹತ್ತು ವರ್ಷದಿಂದ ಅತ್ತೆ ನನ್ನ ಜೊತೆ ಇದ್ದಾರೆ. ಒಂದು ದಿನವೂ ಅವರ ಕೈಗೆ ಪಾಟಿ ಕೊಡಲಿಲ್ಲ. ‘ನಾಳೆ ಕಲಿಸೋಣ’ ಎನ್ನುತ್ತಿದ್ದೆ. ಆಮೇಲೆ ಡಬ್ಬಿ ಬಂತು. ಇನ್ನು ಕಲಿಸುವುದು ಬೇಡ ಎಂದು ಒಳಗೊಳಗೆ ಸಮಾಧಾನ ಪಟ್ಟುಕೊಂಡೆ. ತಪ್ಪು ಡಬ್ಬಿಯದು ಎಂದು ಮನೆಯವರು ಹೇಳಿದರು. ತಪ್ಪು ತಮ್ಮದು ಎಂದೂ ಹೇಳಿದರು, ಎರಡನೆಯ ನೆನಪು ಹಚ್ಚಿದವರು ಅವರೇ ತಾನೆ. ನನಗೆ ಗೊತ್ತಿತ್ತು, ದೊಡ್ಡ ಪಾಲು ನನ್ನದು.

ಆ ವಾರವೇ ಸುರು ಮಾಡಿದೆವು. ‘ಅ ಆ’ದಿಂದ ಅಲ್ಲ. ಡಾಕ್ಟರ ಚೀಟಿಯಿಂದ. ಚೀಟಿಯಲ್ಲಿ 1-0-1 ಎಂದು ಬರೆದಿರುತ್ತದೆ. ನಿಮ್ಮ ಚೀಟಿಯಲ್ಲೂ ಇರುತ್ತದೆ, ಮನೆಗೆ ಹೋಗಿ ನೋಡಿ. ಮೊದಲ ಅಂಕಿ ಮುಂಜಾನೆಯದು. ನಡುವಿನದು ಮಧ್ಯಾಹ್ನದ್ದು. ಕೊನೆಯದು ರಾತ್ರಿಯದು. 1-0-1 ಅಂದರೆ ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 0-0-1 ಅಂದರೆ ರಾತ್ರಿ ಮಾತ್ರ. ಅತ್ತೆ ಇದನ್ನು ಒಂದೇ ಸಂಜೆಯಲ್ಲಿ ಕಲಿತರು. “ಇಷ್ಟೇ ಏನವ್ವಾ? ಇದಕ್ಕ ಡಬ್ಬಿ ಯಾಕ ಬೇಕಾಗಿತ್ತು?” ಎಂದರು. ನನಗೆ ಮಾತು ಹೊರಡಲಿಲ್ಲ.

ಆಮೇಲೆ ಗಡಿಯಾರದ ಅಂಕಿ. ಆಮೇಲೆ ಗೋಡೆಯ ಕ್ಯಾಲೆಂಡರ್. ಮುಂಜಾನೆ ಗುಳಿಗೆ ನುಂಗಿದ ಕೂಡಲೇ ಆ ದಿನದ ಮನೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ರಾತ್ರಿ ಇನ್ನೊಂದು. ಡಬ್ಬಿ ಹತ್ತು ಸಲ ‘ದವಾ’ ಎಂದರೂ ಮೊದಲು ಕ್ಯಾಲೆಂಡರ್ ನೋಡುತ್ತಾರೆ. ಗೆರೆ ಇದ್ದರೆ, “ಸುಮ್ಮನಿರಪಾ, ಆಗೈತಿ” ಎನ್ನುತ್ತಾರೆ.

ಗುಳಿಗೆ ಪಟ್ಟಿಯ ಮೇಲಿನ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆವು. ಸಕ್ಕರೆ ಗುಳಿಗೆಯ ಡಬ್ಬಕ್ಕೆ ‘ಸಕ್ಕರೆ’ ಎಂದು, ಬಿ.ಪಿ. ಗುಳಿಗೆಯ ಡಬ್ಬಕ್ಕೆ ‘ಬಿ.ಪಿ.’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿದೆವು. ಬರೆದವರು ಅತ್ತೆ. ‘ಸಕ್ಕರೆ’ಯ ಒತ್ತಕ್ಷರಕ್ಕೆ ಮೂರು ದಿನ ಹಿಡಿಯಿತು. ಪಟ್ಟಿಯ ಮೇಲೆ ಮುಗಿಯುವ ವರ್ಷ ಅಂಕಿಯಲ್ಲಿ ಇರುತ್ತದೆ. ತಿಂಗಳು ಒಮ್ಮೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ತಿಳಿಯದಿದ್ದರೆ ಔಷಧ ಅಂಗಡಿಯವರನ್ನು ಕೇಳಿ. ಕೆಲವು ಪಟ್ಟಿಗಳ ಮೇಲೆ ಕೆಂಪು ಗೆರೆ ಇರುತ್ತದೆ. ಆ ಔಷಧವನ್ನು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಸರಕಾರ 2016ರಿಂದ ಇದನ್ನು ಜನರಿಗೆ ತಿಳಿಸುತ್ತ ಬಂದಿದೆ. ಕೆಂಪು ಗೆರೆಯನ್ನು ಯಾವ ಡಬ್ಬಿಯೂ ನಿಮಗೆ ಹೇಳಲಿಲ್ಲ, ಅಲ್ಲವೇ?

ಈಗ ಕೆಲವರು ಕೇಳಬಹುದು: ಡಬ್ಬಿಗೆ ಕನ್ನಡ ಬಂದರೆ ಈ ತೊಂದರೆ ತಪ್ಪುತ್ತದಲ್ಲ? ಫೋನಿಗೆ ಕನ್ನಡ ಬರುತ್ತದಲ್ಲ?

ಹೌದು, ಬರುತ್ತದೆ. 2017ರಿಂದ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸಬಹುದು. ನಾನೂ ಬರೆಸುತ್ತೇನೆ. ನಾನು ಪುಸ್ತಕದ ಕನ್ನಡ ಮಾತಾಡಿದರೆ ಸರಿಯಾಗಿ ಬರೆಯುತ್ತದೆ. ಅತ್ತೆ ‘ಉಳ್ಳಾಗಡ್ಡಿ ತೀರ್ಯಾವ’ ಎಂದರೆ ಅದು ಬೇರೆ ಏನನ್ನೋ ಬರೆಯುತ್ತದೆ. ಯಾಕೆ? ಯಂತ್ರ ಭಾಷೆ ಕಲಿಯುವುದು ಜನರ ಮಾತು ಕೇಳಿ ಕೇಳಿ. ಯಾರ ಮಾತು ಹೆಚ್ಚು ಕೇಳಿತೋ ಅವರ ಮಾತು ಹೆಚ್ಚು ತಿಳಿಯುತ್ತದೆ. ಮಿರಜದ ಕನ್ನಡ, ಜತ್ತದ ಕನ್ನಡ ಅದರ ಕಿವಿಗೆ ಎಷ್ಟು ಬಿದ್ದೀತು?

ಅದಕ್ಕೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತು ಕೂಡಿಹಾಕುವ ಕೆಲಸ ಹಿಡಿದಿದ್ದಾರೆ. ಕೇಂದ್ರ ಸರಕಾರ 2022ರಲ್ಲಿ ‘ಭಾಷಿಣಿ’ ಎಂಬುದನ್ನು ಸುರು ಮಾಡಿತು. ಅದರಲ್ಲಿ ‘ಭಾಷಾದಾನ’ ಎಂದಿದೆ. ನೇತ್ರದಾನ, ರಕ್ತದಾನ ಇದ್ದ ಹಾಗೆ ಇದು ಮಾತಿನ ದಾನ. ನಮ್ಮ ದನಿಯನ್ನು ನಾವು ಕೊಡಬಹುದು. ಹೇಗೆ ಕೊಡಬೇಕು ಗೊತ್ತೇ? ಫೋನಿನ ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ. ಅದನ್ನು ಗಟ್ಟಿಯಾಗಿ ಓದಬೇಕು. ಯಂತ್ರಕ್ಕೆ ನಮ್ಮ ಮಾತು ಕಲಿಸಬೇಕಾದರೂ ಮೊದಲು ನಮಗೆ ಓದು ಬರಬೇಕು. ಇದನ್ನು ಹೇಳಿದಾಗ ಅತ್ತೆ ತುಂಬ ಹೊತ್ತು ನಕ್ಕರು.

ಡಬ್ಬಿಯನ್ನು ನಾವು ಮಾರಲಿಲ್ಲ. ಬಿಸಾಡಲೂ ಇಲ್ಲ. ಅದರ ಜೊತೆ ಬಾಳುವುದನ್ನು ಕಲಿತಿದ್ದೇವೆ. ಹಾಡು, ದಿನದ ಸುದ್ದಿ, ಕುಕ್ಕರ್ ಇಟ್ಟಾಗ ಹತ್ತು ನಿಮಿಷಕ್ಕೆ ಎಚ್ಚರಿಸುವುದು, ಇವೆಲ್ಲ ಅದರ ಕೆಲಸ. ತಪ್ಪಾದರೆ ಅನ್ನ ಮುದ್ದೆ ಆಗುತ್ತದೆ, ಅಷ್ಟೆ. ಗುಳಿಗೆ ಎಷ್ಟು ಎಂದು ಅದನ್ನು ಕೇಳುವುದಿಲ್ಲ. ಹೊಲಕ್ಕೆ ಎಣ್ಣೆ ಎಷ್ಟು ಹೊಡೆಯಬೇಕು ಎಂದು ಫೋನನ್ನು ಕೇಳುವ ಅಣ್ಣಂದಿರು ಇಲ್ಲಿದ್ದೀರಿ. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ. 1800-180-1551ಕ್ಕೆ ಫೋನ್ ಮಾಡಿದರೆ ರೊಕ್ಕ ಬೀಳುವುದಿಲ್ಲ. ಅಲ್ಲಿ ಉತ್ತರ ಕೊಡುವವರು ಮನುಷ್ಯರು. ತಿಳಿಯದಿದ್ದರೆ ತಿರುಗಿ ಕೇಳಬಹುದು. ಎಣ್ಣೆಯ ಬಾಟಲಿಯ ಮೇಲೆ ಬರೆದದ್ದನ್ನೂ ಓದಿ.

ಬ್ಯಾಂಕಿನ ಪಿನ್, ಓ.ಟಿ.ಪಿ. ಅಂಕಿಯನ್ನು ಡಬ್ಬಿಯ ಮುಂದೆ ನಾವು ಬಾಯಿ ಬಿಟ್ಟು ಹೇಳುವುದಿಲ್ಲ. ಅದು ತನ್ನ ಹೆಸರು ಕೇಳಿದಂತೆ ಆದರೆ, ಕರೆಯದಿದ್ದರೂ ಎದ್ದು ಕೂಡುತ್ತದೆ. 2018ರಲ್ಲಿ ಅಮೆರಿಕದ ಒಂದು ಮನೆಯಲ್ಲಿ ಗಂಡ ಹೆಂಡತಿ ಮಾತಾಡಿದ್ದನ್ನು ಡಬ್ಬಿ ತಾನೇ ಹಿಡಿದು, ಅವರ ಪರಿಚಯದವರಿಗೆ ಕಳಿಸಿಬಿಟ್ಟಿತ್ತು. ನಮ್ಮ ಡಬ್ಬಿಯ ಕಿವಿ ಮುಚ್ಚಲು ಮೇಲೆ ಒಂದು ಗುಂಡಿ ಇದೆ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಮನೆಗೆ ನೆಂಟರು ಬಂದು, ಸೊಸೆಯಂದಿರ ಮಾತು ಸುರು ಆಯಿತೆಂದರೆ ಅತ್ತೆ ಮೊದಲು ಹೋಗಿ ಆ ಗುಂಡಿ ಒತ್ತುತ್ತಾರೆ. ಒಮ್ಮೆ ನನ್ನನ್ನು ನೋಡಿಯೂ ಒತ್ತಿದ್ದಾರೆ.

ನಮ್ಮ ಡಬ್ಬಿ 108ಕ್ಕೆ ಫೋನ್ ಮಾಡುವುದಿಲ್ಲ. ಅದಕ್ಕೆ ಅತ್ತೆ 1, 0, 8 ಈ ಮೂರು ಅಂಕಿಗಳನ್ನು ಫೋನಿನಲ್ಲಿ ಒತ್ತುವುದನ್ನು ಕಲಿತರು. ಆಮೇಲೆ ನನ್ನ ನಂಬರು. ಆಮೇಲೆ ಮಗಳ ನಂಬರು. ಈಗ ಯಾರ ನೆರವೂ ಇಲ್ಲದೆ ಗಾವಭಾಗಕ್ಕೆ ಫೋನ್ ಹಚ್ಚಿ, ಕೃಷ್ಣಾ ನೀರು ಎಷ್ಟು ಎಂದು ಕೇಳುತ್ತಾರೆ. ಭಜನೆ ಬೇಕಾದಾಗ ಮಾತ್ರ ಡಬ್ಬಿಯನ್ನು ಕೇಳುತ್ತಾರೆ.

ಹೋದ ವಾರ ಪ್ರಶ್ನೆ ಕೇಳಿದ ಅಕ್ಕ, ನಿಮಗೆ ನಾನು ಉತ್ತರ ಹೇಳಲೋ, ಬೇಡವೋ? ನಮ್ಮ ಅತ್ತೆ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರು ಒಂದು ಚೀಟಿ ಬರೆದುಕೊಂಡು ಬಂದಿದ್ದಾರೆ. ಮೇಲೆ ‘ಡಬ್ಬಿಗೆ ತಿಳಿಯದ ಮಾತು’ ಎಂದು ಬರೆದಿದ್ದಾರೆ. ಕೆಳಗೆ ಅಡೀಚ ಇದೆ, ಉಳ್ಳಾಗಡ್ಡಿ ಇದೆ, ಇನ್ನೂ ಹದಿನಾರು ಮಾತು ಇವೆ. ಯಾರೂ ಹೇಳಿ ಬರೆಸಿದ್ದಲ್ಲ. ಕಾಗುಣಿತದ ತಪ್ಪು ಇವೆ, ನಾನು ತಿದ್ದಿಲ್ಲ. ಅದನ್ನು ಅವರೇ ಓದುತ್ತಾರಂತೆ.

ಬರ್ರಿ ಅತ್ತಿ, ಮುಂದ ಬರ್ರಿ. ಚಸ್ಮಾ ಮನ್ಯಾಗ ಬಿಟ್ಟು ಬಂದಾರ. ಯಾರರೆ ನಿಮ್ಮದೊಂದು ಕೊಡ್ರಿ.